ಬಾಯಿ ಬಿಡುವ ಟೀವಿ

ನಮ್ಮ ಓಣಿಯ ಹೆಂಗಸರು ನನ್ನ ಮಾತಿಗೆ ಸುಮ್ಮನೆ ತಲೆಯಾಡಿಸುವ ಪೈಕಿ ಅಲ್ಲ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಬೇಕು ಎನ್ನುವುದರಿಂದ ಹಿಡಿದು ಕಿತ್ತೂರಿನಿಂದ ಬೈಲಹೊಂಗಲಕ್ಕೆ ಯಾವ ಬಸ್ಸು ಬೇಗ ಮುಟ್ಟುತ್ತದೆ ಎನ್ನುವವರೆಗೆ, ನಾನು ಒಂದು ಹೇಳಿದರೆ ಅವರು ಹತ್ತು ಹೇಳುತ್ತಾರೆ. ನನಗೂ ಅದೇ ರುಚಿ. ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳ ಜೊತೆ ವಾದ ಮಾಡಿದವಳಿಗೆ ವಾದವಿಲ್ಲದ ಮಧ್ಯಾಹ್ನ ಉಪ್ಪಿಲ್ಲದ ಸಾರು. ಅಂಥ ಹೆಂಗಸರು ಒಂದು ದಿನ ಅರಿಶಿನ ಕುಂಕುಮಕ್ಕೆ ಸೇರಿದ್ದರು. ಹಿಂದಿನ ಸಂಜೆಯ ಧಾರಾವಾಹಿಯಲ್ಲಿ ಸೊಸೆ ಮಾವನ ಕಪಾಳಕ್ಕೆ ಬಾರಿಸಿದ್ದನ್ನು ನಾನು ಬಣ್ಣ ಕಟ್ಟಿ ಹೇಳಿ, "ಹೊಡದದ್ದು ಚಲೋನ ಆತು, ಆ ಮುದುಕಗ ಬೇಕಾಗಿತ್ತು" ಎಂದು ತೀರ್ಪನ್ನೂ ಕೊಟ್ಟೆ. ಎಲ್ಲರೂ ಗಪ್ಪಾದರು. ಬಳೆಯ ಸದ್ದೂ ಇಲ್ಲ. ಆಮೇಲೆ ಒಬ್ಬಾಕೆ ಮೆತ್ತಗೆ, "ಹೌದ್ರಿ ಅಕ್ಕೋರ, ಹೊಡದ್ಲರಿ" ಎಂದಳು. ಉಳಿದವರೂ "ಹೌದ್ರಿ, ಹೌದ್ರಿ" ಎನ್ನುತ್ತ ಫಳಾರದ ತಟ್ಟೆಯನ್ನು ನನ್ನ ಮುಂದೆ ಸರಿಸಿದರು.

ಆ 'ಹೌದ್ರಿ' ನನ್ನ ಎದೆಗೆ ಚುಚ್ಚಿತು. ಕಣ್ಣು ಕಾಣದವಳು ಏನೋ ಹೇಳುತ್ತಾಳೆ, ಹೇಳಲಿ ಬಿಡು ಎನ್ನುವ ಹೌದ್ರಿ ಅದು. ಬೈದರೆ ತಿರುಗಿ ಬೈದೇನು, ನಕ್ಕರೆ ನಾನೂ ನಕ್ಕೇನು, ಕನಿಕರಪಟ್ಟು ಒಪ್ಪಿಕೊಂಡರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಮನೆ ಮುಟ್ಟುವಷ್ಟರಲ್ಲಿ ನಿಶ್ಚಯ ಮಾಡಿಬಿಟ್ಟಿದ್ದೆ: ಇನ್ನು ಮೇಲೆ ಇದ್ದದ್ದು ನನಗೆ ಇದ್ದ ಹಾಗೇ ಗೊತ್ತಾಗಬೇಕು. ಮೊದಲು ಟೀವಿಯಿಂದಲೇ ಶುರು. ಇನ್ನೊಬ್ಬರ ಬಾಯಿಯನ್ನು ನಂಬಿ ಕೂಡುವುದು ಸಾಕು.

ಇನ್ನೊಬ್ಬರು ಎಂದರೆ ನಮ್ಮನೆಯವರು. ನನ್ನ ಕಣ್ಣಿನ ಒಳಗಿನ ಪರದೆ ನಿಧಾನಕ್ಕೆ ಸೊರಗುತ್ತ ಬಂದು ಮೊದಲು ಅಕ್ಷರ ಹೋದವು, ಆಮೇಲೆ ಮುಖಗಳು ಹೋದವು. ಈಗ ಬಾಗಿಲು ಯಾವ ಕಡೆ, ದೀಪ ಯಾವ ಕಡೆ ಎನ್ನುವಷ್ಟು ತಿಳಿಯುತ್ತದೆ. ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿದ ವರ್ಷವೇ ಅಳುವಷ್ಟು ಅತ್ತು ಮುಗಿಸಿದ್ದೇನೆ, ಅದನ್ನು ಮತ್ತೆ ತೆಗೆಯುವುದಿಲ್ಲ. ಅಂದಿನಿಂದ ಟೀವಿ ನೋಡಿ ನನಗೆ ಹೇಳುವ ಕೆಲಸವನ್ನು ಅವರು ತಾವಾಗಿಯೇ ಹಿಡಿದರು. ಎಂ.ಕೆ. ಹುಬ್ಬಳ್ಳಿ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾಟಾದ ಮೇಲೆ, ಅಂದರೆ ಕಬ್ಬಿನ ಗಾಡಿ ತೂಗುವಲ್ಲಿ, ಇಡೀ ನೌಕರಿ ಕಳೆದ ಮನುಷ್ಯ. ಅರ್ಧ ಫರ್ಲಾಂಗು ದೂರದಿಂದ ಟ್ರ್ಯಾಕ್ಟರಿನ ನಂಬರು ಓದುತ್ತಿದ್ದೆ ಎನ್ನುವುದು ಅವರ ಜೀವನದ ದೊಡ್ಡ ಹೆಮ್ಮೆ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನೇ ಕೊಡುತ್ತಾರೆ.

ಮೊದಮೊದಲು ಅವರ ವರದಿ ಕಾಟಾದ ಚೀಟಿಯಷ್ಟೇ ಚೊಕ್ಕವಾಗಿತ್ತು. "ಅಕಿ ಬಂದ್ಲು. ಕುಂತ್ಲು. ಅಳಾಕತ್ಲು." ಇತ್ತೀಚೆಗೆ ಅದೇನಾಯಿತೋ, ವರದಿಗೆ ರೆಕ್ಕೆ ಬಂದವು. ಶ್ರೀಮಂತರ ಬಂಗಲೆಯೊಳಗೆ ಗಂಡ ಹೆಂಡತಿ ಜಗಳವಾಡುತ್ತಿದ್ದರೆ, "ಹಿಂದ ಕಿಡಕ್ಯಾಗ ಒಂದು ಕಬ್ಬಿನ ಟ್ರ್ಯಾಕ್ಟರ್ ಹೊಂಟೈತಿ ನೋಡು, ಡಬಲ್ ಟ್ರೇಲರ್" ಎನ್ನುವರು. ಅತ್ತೆ ಪೂಜೆಗೆ ಕುಳಿತರೆ, "ಬಾಜೂಕ ಒಂದು ಎಮ್ಮಿ ಬಂದು ನಿಂತೈತಿ" ಎನ್ನುವರು.

"ಬಂಗಲೆದಾಗ ಎಮ್ಮಿ ಎಲ್ಲಿಂದ ಬಂತ್ರಿ?"

"ಬಾಗಲಾ ತಗದಿತ್ತು, ಬಂತು."

ನಾನು ನಕ್ಕು ನಕ್ಕು, ಎಮ್ಮೆ ಆಮೇಲೆ ಏನು ಮಾಡಿತು ಎಂದು ಕೇಳುತ್ತಿದ್ದೆ. ಅದು ಪ್ರಸಾದ ತಿನ್ನುತ್ತಿತ್ತು, ಅತ್ತೆಯ ಸೆರಗು ಜಗ್ಗುತ್ತಿತ್ತು, ಒಮ್ಮೊಮ್ಮೆ ಸೋಫಾದ ಮೇಲೂ ಕೂಡುತ್ತಿತ್ತು. ಎಮ್ಮೆಯನ್ನು ನಾನು ನಂಬಲಿಲ್ಲ ನಿಜ, ಆದರೆ ಕಪಾಳಕ್ಕೆ ಬಾರಿಸಿದ್ದನ್ನು ನಂಬಿದ್ದೆ. ಯಾವುದು ಚೀಟಿ, ಯಾವುದು ರೆಕ್ಕೆ ಎಂದು ಬೇರೆ ಮಾಡುವುದು ನನ್ನ ಕೈಯಲ್ಲಿ ಇರಲಿಲ್ಲ.

ರಾಮದುರ್ಗದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಹುಟ್ಟಿನಿಂದಲೇ ಕಣ್ಣಿಲ್ಲ, ಅದರ ಬಗ್ಗೆ ಬೇಸರವೂ ಇಲ್ಲ. ಕಾಣದವರಿಗೆ ಮೊಬೈಲ್ ಕಲಿಸುವ ಶಿಬಿರದಲ್ಲಿ ಸಿಕ್ಕವಳು, ಅಂದಿನಿಂದ ನಾನು ಅವಳ ವಿದ್ಯಾರ್ಥಿನಿ. ಹೊಸ ಟೀವಿ ತೆಗೆದುಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೇ ತಡ, ಪಾಠ ಶುರುವಾಯಿತು.

"ಪಿಕ್ಚರ್ ಹೆಂಗೈತಿ ಅಂತ ಕೇಳಬ್ಯಾಡ. ಬಾಯಿ ಬಿಡ್ತೈತೇನು ಅಂತ ಕೇಳು. ನೀ ಗುಂಡಿ ಒತ್ತಿದಂಗೆಲ್ಲಾ ಈಗ ಎಲ್ಲಿ ಅದೀ ಅಂತ ಅದು ಹೇಳಬೇಕು. ಕನ್ನಡದಾಗ ಹೇಳಿದ್ರ ಭೇಷ್. ರಿಮೋಟ್ ಹಿಡದು ನೋಡು, ಗುಂಡಿ ಬೆರಳಿಗೆ ಹತ್ತಬೇಕು. ಅದರ ಬಾಯಿ ತಗಿಯೂದು, ಮುಚ್ಚೂದು ನಿನ್ನ ಕೈಯಾಗ ಇರಬೇಕು, ಅದಕ್ಕಂತ ಯಾರನೂ ಕರೀಬಾರದು. ಮತ್ತ ಕೇಬಲ್‌ದವರ ಡಬ್ಬಿ ಮೂಕ ಇರತೈತಿ, ಅದನ್ನ ನಂಬಬ್ಯಾಡ. ಟೀವಿ ಒಳಗ ಆ್ಯಪ್ ಇರೂದು ತಗೋ."

"ಧಾರಾವಾಹಿಯೊಳಗ ಏನ ನಡದೈತಿ, ಅದನ್ನೂ ಹೇಳತೈತೇನು?"

"ಏ ಹುಚ್ಚಿ, ಅದೆಲ್ಲಿ ಹೇಳತೈತಿ. ಕೆಲವು ಸಿನಿಮಾಕ್ಕ ಹಂಗ ಹೇಳೂ ದನಿ ಹಾಕಿರತಾರ, ಕನ್ನಡದಾಗ ಹುಡುಕಬೇಕು. ಧಾರಾವಾಹಿಗೆ ಇಲ್ಲ. ಆದ್ರ ನಿನಗ ಬೇಕಾದ್ದು ನೀನ ಹಚಗೊಂಡು, ಹಿಂದ ತಿರುಗಿಸಿ ಮತ್ತೊಮ್ಮೆ ಕೇಳಬಹುದು. ಅಷ್ಟರ ಆಗಲಿ."

ಅಷ್ಟಾದರೂ ಆಗಲಿ ಎಂದು ನಾನೂ ಅಂದುಕೊಂಡೆ. ನಮ್ಮನೆಯವರಿಗೆ ಹೇಳಿದಾಗ ಅವರು ಖುಷಿಪಡಲಿಲ್ಲ. "ನಾ ಹೇಳತೇನೆಲ್ಲಾ, ಅದ್ಯಾಕ ಬೇಕು" ಎಂದರು. "ನಿಮ್ಮ ಎಮ್ಮಿ ಸಾಕಾಗೇತ್ರಿ" ಎಂದೆ. ಆ ದಿನ ಊಟಕ್ಕೆ ಎರಡನೆಯ ಸಲ ರೊಟ್ಟಿ ಬೇಡಲಿಲ್ಲ, ಅಷ್ಟು ಸಿಟ್ಟು.

ಮೊದಲು ಕಿತ್ತೂರಿನಲ್ಲೇ ಒಂದು ಅಂಗಡಿಗೆ ಹೋದೆವು. ನನಗೆ ಕಣ್ಣು ಕಾಣುವುದಿಲ್ಲ, ಮಾತಾಡುವ ಟೀವಿ ಬೇಕು ಎಂದು ಬಿಡಿಸಿ ಹೇಳಿದೆ. ಅಂಗಡಿಯಾತ ಪಾಪ, ನನಗೆ ಕಿವಿಯೂ ಕೇಳುವುದಿಲ್ಲ ಎಂದು ತಿಳಿದನೋ ಏನೋ, ಜೋರಾಗಿ ಕೂಗಿ ಕೂಗಿ ಹೇಳತೊಡಗಿದ. "ಅಕ್ಕೋರ, ಈ ಟೀವಿದಾಗ ಕರೀ ಬಣ್ಣ ಎಷ್ಟು ಕರ್ರಗ ಕಾಣತೈತಿ ನೋಡ್ರಿ."

"ನನಗ ಎಲ್ಲಾ ಟೀವಿದಾಗೂ ಅಷ್ಟ ಕರ್ರಗ ಕಾಣತೈತ್ರಿ" ಎಂದೆ.

ಆತ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. ನಾವು ಹೊರಗೆ ಬಂದೆವು. ನಾನು ಬೈಲಹೊಂಗಲಕ್ಕೆ ಹೋಗೋಣ ಎಂದೆ. ಸ್ಕೂಟರ್ ತೆಗೆಯಿರಿ ಎಂದರೆ ಬಸ್ಸಿಗೇ ಹೋಗೋಣ ಎಂದು ಹಟ ಹಿಡಿದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರ ಬಾಯಲ್ಲಿ ಇದೊಂದೇ ಮಾತು: "ನಿನಗ ಪುಕ್ಕಟೆ ಐತಿ, ಸುಮ್ನ ಪೆಟ್ರೋಲ್ ಯಾಕ ಸುಡೂದು." ನಿಲ್ದಾಣದಲ್ಲಿ ಬಂದ ಪ್ರತಿ ಬಸ್ಸಿಗೂ ಪಕ್ಕದವರನ್ನು, "ಇದು ಬೈಲಹೊಂಗಲದ್ದೇನ್ರಿ?" ಎಂದು ಕೇಳಿದರು. ಮನುಷ್ಯನಿಗೆ ವಯಸ್ಸಾದ ಹಾಗೆ ಮಾತಿನ ಚಪಲ ಹೆಚ್ಚಿತು ಎಂದು ನಾನು ಒಳಗೊಳಗೇ ನಕ್ಕೆ.

ಬೈಲಹೊಂಗಲದ ಬಜಾರದಲ್ಲಿ ನಾವು ಹೊಕ್ಕ ಅಂಗಡಿಯನ್ನು ಒಬ್ಬ ಮುಸ್ಲಿಂ ಹೆಣ್ಣುಮಗಳು ನೋಡಿಕೊಳ್ಳುತ್ತಾಳೆ. ಗಂಡ ಮಾಲು ಮುಟ್ಟಿಸಲು ಗಾಡಿಯ ಮೇಲೆ ಊರೂರು ತಿರುಗುತ್ತಾನೆ. ನಾನು ಆಕೆಯನ್ನು ಆಪಾ, ಅಂದರೆ ಅಕ್ಕಾ, ಎಂದು ಕರೆದೆ. ನಮ್ಮನೆಯವರು ನನ್ನನ್ನು ಸಾಲಿ ಅಕ್ಕೋರು ಎಂದು ಪರಿಚಯ ಮಾಡಿಸಿದರು. ಮಾತಾಡುವ ಟೀವಿ ಎಂದ ಕೂಡಲೇ ಆಪಾ ಬೆಚ್ಚಲಿಲ್ಲ, ಇದೆ ಎಂದೂ ಸುಳ್ಳು ಹೇಳಲಿಲ್ಲ.

"ನನಗ ಗೊತ್ತಿಲ್ರಿ ಅಕ್ಕೋರ. ಇಷ್ಟ್ ದಿನಾ ಯಾರೂ ಕೇಳಿಲ್ಲ. ಕುಂಡ್ರಿ, ಹುಡಕೂಣು. ನನಗೂ ತಿಳಿತೈತಿ."

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅಂಗಡಿಯಲ್ಲಿದ್ದ ರಿಮೋಟುಗಳನ್ನೆಲ್ಲ ನನ್ನ ಉಡಿಯಲ್ಲಿ ಸುರಿದಳು. ನಾನು ಒಂದೊಂದನ್ನೇ ತಡವಿದೆ. ಒಂದು ಹಳೆಯ ಸೋಪಿನ ತುಂಡಿನಷ್ಟು ನುಣುಪು, ಗುಂಡಿ ಯಾವುದು ಮೈ ಯಾವುದು ತಿಳಿಯದು. ಇನ್ನೊಂದರ ಗುಂಡಿಗಳೆಲ್ಲ ಒಂದೇ ಅಳತೆ. ಮತ್ತೊಂದನ್ನು ಹಿಡಿದಾಗ ಬೆರಳಿಗೆ ಖುಷಿಯಾಯಿತು: ದನಿ ಏರಿಸುವ ಗುಂಡಿ ಉದ್ದ, ನಡುವಿನದು ದುಂಡಗೆ, ಐದರ ಅಂಕಿಯ ಮೇಲೆ ಉಬ್ಬಿದ ಚುಕ್ಕೆ. "ಇದರ ಟೀವಿ ಯಾವುದು?" ಎಂದೆ. ರಿಮೋಟು ಆರಿಸಿ ಆಮೇಲೆ ಟೀವಿ ಕೇಳುವ ಗಿರಾಕಿಯನ್ನು ಆಪಾ ಮೊದಲ ಸಲ ಕಂಡಿದ್ದಳು.

ರಾಮದುರ್ಗದ ಗೆಳತಿಗೆ ಫೋನ್ ಹಚ್ಚಿ ಸ್ಪೀಕರಿನ ಮೇಲೆ ಇಟ್ಟೆವು. ಅವಳು ಅಲ್ಲಿಂದ ಹುಕುಂ ಕೊಡುವುದು, ಆಪಾ ಇಲ್ಲಿ ಗುಂಡಿ ಒತ್ತುವುದು. ಎಲ್ಲಿಯೋ ಒಳಗೆ ಹೊಕ್ಕು, ಏನೋ ಒತ್ತಿ, ಕೊನೆಗೆ ಒಂದು ಟೀವಿ ಇಂಗ್ಲಿಷಿನಲ್ಲಿ ಗಡಗಡ ಮಾತಾಡಿತು. ಆಪಾ ಎಷ್ಟು ಹಿಗ್ಗಿದಳೆಂದರೆ, ಅಂಗಡಿಯ ಉಳಿದ ಟೀವಿಗಳ ಬಾಯನ್ನೂ ಸಾಲಾಗಿ ತೆರೆಯುತ್ತ ಹೋದಳು. ತೆರೆಯುವುದು ಬಂತು, ಮುಚ್ಚುವುದು ಬರಲಿಲ್ಲ. ಒಂದು ಇಂಗ್ಲಿಷು, ಒಂದು ಹಿಂದಿ, ಇನ್ನೊಂದು ಹೇಳಿದ್ದನ್ನೇ ಹೇಳುವುದು. ನಾವು ಮೂವರೂ ಕೂಗಿ ಮಾತಾಡಬೇಕಾಯಿತು. ಬಜಾರದಲ್ಲಿ ಹೋಗುವವರು ಬಾಗಿಲಲ್ಲಿ ನಿಂತು ಇಣುಕಿದರು, ಒಬ್ಬ ಹಿರಿಯರು ಇಲ್ಲಿ ಏನು ಸಭೆ ನಡೆದಿದೆ ಎಂದು ಕೇಳಿದರು. ಫೋನಿನೊಳಗಿಂದ ಗೆಳತಿ, "ಮುಚ್ಚರಿ ಮೊದಲ ಅವುನ್ನ" ಎಂದು ಬೈಯುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತ ಸ್ಟೂಲಿನಿಂದ ಜಾರುವುದರಲ್ಲಿದ್ದೆ. ಕೊನೆಗೆ ಆಪಾ ಗೋಡೆಯ ಮೇನ್ ಸ್ವಿಚ್ಚನ್ನೇ ಬಂದ್ ಮಾಡಿದಳು.

ಮತ್ತೆ ಕರೆಂಟು ಹಚ್ಚಿ, ನನ್ನ ರಿಮೋಟಿನ ಟೀವಿಯೊಂದನ್ನೇ ಎಬ್ಬಿಸಿದೆವು. ಭಾಷೆ ಬದಲಿಸಿದಾಗ ಅದು ಕನ್ನಡದಲ್ಲಿ ಮಾತಾಡಿತು. ಗ್ರಂಥ ಓದಿದ ಹಾಗೆ ಒಣ ಕನ್ನಡ, ಆದರೂ ಕನ್ನಡ. ನನಗೆ ರೋಮಾಂಚನವಾಯಿತು. ಗೆಳತಿ "ತಗೋ ಅದನ್ನ" ಎಂದು ಫೋನಿಟ್ಟಳು.

ಆಗ ನನಗೊಂದು ಹುರುಪು ಬಂತು. ಕಾಟಾದ ಮೇಲೆ ಒಂದು ರೂಢಿಯಿದೆ: ತೂಕ ಓದಿದವರು ಅದನ್ನು ಗಟ್ಟಿಯಾಗಿ ಕೂಗಬೇಕು, ಗಾಡಿಯವನು ಅದನ್ನೇ ತಿರುಗಿ ಕೂಗಬೇಕು, ಎರಡೂ ಕೂಡಿದರೆ ಮಾತ್ರ ಚೀಟಿ. ನಮ್ಮನೆಯವರು ಮನೆಯಲ್ಲೂ ಅದನ್ನು ಬಿಟ್ಟವರಲ್ಲ. ಕಿರಾಣಿ ತಂದರೆ ಅವರು "ಬ್ಯಾಳಿ" ಎಂದು ಕೂಗಬೇಕು, ನಾನು ಚೀಲ ತಡವಿ "ಬ್ಯಾಳಿ" ಎನ್ನಬೇಕು.

"ಈ ಟೀವಿಗೂ ಕಾಟಾ ಹಚ್ಚೂಣ್ರಿ" ಎಂದೆ. "ನೀವು ಓದಿ ಕೂಗ್ರಿ, ಅದು ತಿರುಗಿ ಕೂಗಲಿ. ಸುಳ್ಳ ಹೇಳೂ ಟೀವಿ ನನಗ ಬ್ಯಾಡ."

"ಚಾಳೀಸ ತಂದಿಲ್ಲ" ಎಂದು ಕನ್ನಡಕವಿಲ್ಲದ ಕಿಸೆ ತಟ್ಟಿದರು.

"ಚಾಳೀಸ ಪೇಪರಿಗೆ ಬೇಕು, ದೂರದ್ದಕ್ಕ ಯಾಕರಿ? ಅರ್ಧ ಫರ್ಲಾಂಗ ಕಾಣೂ ಕಣ್ಣ ನಿಮ್ಮವು."

ಆಪಾಳಿಗೆ ಈ ಆಟ ಬಹಳ ಹಿಡಿಸಿತು. ಟೀವಿಯ ದನಿ ಮ್ಯೂಟ್ ಮಾಡಿ, ಸೆಟ್ಟಿಂಗಿನ ಪಟ್ಟಿಯಲ್ಲಿ ಯಾವುದೋ ಒಂದು ಸಾಲಿನ ಮೇಲೆ ನಿಂತಳು. ಅವರು ಓದಿದ ಮೇಲೆ ದನಿ ತೆರೆದು ಅದೇ ಸಾಲನ್ನು ಟೀವಿಯಿಂದ ಹೇಳಿಸುವುದು.

"ಚಿತ್ರ" ಎಂದು ನಮ್ಮನೆಯವರು ಕೂಗಿದರು.

"ಧ್ವನಿ" ಎಂದಿತು ಟೀವಿ.

"ಟೀವಿ ತಪ್ಪ ಹೇಳಾಕತ್ತೈತಿ" ಎಂದರು.

ಆಪಾ ಮುಂದಿನ ಸಾಲಿಗೆ ಹೋದಳು. ಅವರು ಸ್ವಲ್ಪ ತಡೆದು "ಭಾಷೆ" ಎಂದರು. ಟೀವಿ "ದಿನಾಂಕ ಮತ್ತು ಸಮಯ" ಎಂದಿತು. "ಅದನ್ನ ಅನ್ನಾಂವಿದ್ದೆ, ಬೆಳಕ ಅಡ್ಡ ಬಂತು" ಎಂದರು. ಮೂರನೆಯ ಸಾಲಿಗೆ ಅವರ ದನಿ ನನ್ನ ಬಲಗಡೆಯಿಂದ ಎದ್ದು ಟೀವಿಯ ಕಡೆ ಸರಿಯಿತು. "ನೆ" ಎಂದರು. ಇನ್ನೂ ಮುಂದಕ್ಕೆ ಸರಿಯಿತು. "ನೆ… ಟ…" ಎನ್ನುವಷ್ಟರಲ್ಲಿ ಟಪ್ ಎಂದು ಸದ್ದು.

"ಹುಷಾರ್ರಿ ಸಾಹೇಬ್ರ" ಎಂದಳು ಆಪಾ, "ಹಣಿ ಹತ್ತಿತು ಪರದಾಕ್ಕ."

ನನ್ನ ನಗು ಅಲ್ಲಿಗೇ ನಿಂತಿತು. ಪುಕ್ಕಟೆ ಬಸ್ಸು, ಓದದೆ ಬಿಟ್ಟ ಬೋರ್ಡು, ಮೂಲೆಯಲ್ಲಿ ಧೂಳು ಹಿಡಿದ ಸ್ಕೂಟರು, ಎಮ್ಮೆ, ಟ್ರ್ಯಾಕ್ಟರು ಎಲ್ಲವೂ ಒಮ್ಮೆಲೇ ತಲೆಗೆ ಬಂದವು. ನನಗೆ ನಿಜವಾಗಿ ಹೆದರಿಕೆಯಾಯಿತು.

"ಯಾವಾಗಿಂದ್ರಿ?" ಎಂದೆ.

"ಏನ ಯಾವಾಗಿಂದ?"

"ಕಾಣಲಾರದ್ದು."

ಆಪಾ ಚಹಾ ಹೇಳಿ ಬರುತ್ತೇನೆ ಎಂದು ಹೊರಗೆ ಹೋದಳು. ಅವರು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರು. "ಕಾಣತೈತಿ. ಮಂಜ ಬಿದ್ದಂಗ ಕಾಣತೈತಿ. ಎರಡು ಹಂಗಾಮ ಆತು" ಎಂದರು. ಹಂಗಾಮವೆಂದರೆ ಕಬ್ಬು ಅರೆಯುವ ಕಾಲ. ನೌಕರಿ ಬಿಟ್ಟರೂ ಅವರು ವರ್ಷವನ್ನು ಎಣಿಸುವುದು ಹಾಗೇ.

"ನನಗ ಹೇಳಬಾರದಿತ್ತೇನ್ರಿ?"

"ನಿನಗ ಇದ್ದದ್ದ ಇವೆರಡು ಕಣ್ಣ. ಇವೂ ಹೊಂಟುವು ಅಂತ ಹೆಂಗ ಹೇಳಲಿ?" ಎಂದರು. ಆಮೇಲೆ ಇನ್ನೂ ಮೆತ್ತಗೆ, "ನಿನಗ ಬಂದದ್ದ ನನಗೂ ಬಂತು ಅಂತ ಅಂಜಿಕಿ ಆತು. ದವಾಖಾನಿಗೆ ಹೋದ್ರ ಅದನ್ನ ಹೇಳತಾರಂತ ಹೋಗಲಿಲ್ಲ."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು. ಆ ಅಳುವಿನ ನಡುವೆಯೇ ನನ್ನ ಹಾಳು ತಲೆಗೆ ಇನ್ನೊಂದು ಹೊಳೆಯಿತು.

"ಹಂಗಾದ್ರ ಸೊಸಿ ಮಾವನ ಕಪಾಳಕ್ಕ ಹೊಡದದ್ದು?"

"ಚಟ್ ಅಂತ ಸದ್ದ ಬಂತು. ಮಾವ ಮಾತಾಡಾಕತ್ತಾಂವ ಒಮ್ಮೆಲೆ ಗಪ್ಪಾದ. ನಾ ಏನ ತಿಳೀಬೇಕು?"

ಚಹಾದ ಜೊತೆ ಆಗಷ್ಟೇ ಒಳಗೆ ಬಂದಿದ್ದ ಆಪಾ ತಡೆದುಕೊಳ್ಳಲಾರದೆ ನಡುವೆ ಬಾಯಿ ಹಾಕಿದಳು. "ಅದು ಸೂಟ್‌ಕೇಸ್‌ರಿ ಅಕ್ಕೋರ. ನಾನೂ ನೋಡತೇನಿ ಅದನ್ನ. ಸೊಸಿ ತವರಮನಿಗೆ ಹೊಂಟಿದ್ಲು, ಸೂಟ್‌ಕೇಸ್ ಚಟ್ ಅಂತ ಮುಚ್ಚಿದ್ಲು. ಮಾವ ದನಿ ತಗೀದ ಕಣ್ಣೀರ ಹಾಕಾಕತ್ತಿದ್ದ. ಭಾಳ ಚಲೋ ಮನಷ್ಯಾ ಅಂವ."

ಅಳುವ ಮುದುಕನಿಗೆ ಬೇಕಾಗಿತ್ತು ಎಂದು ನಾನು ಇಡೀ ಓಣಿಯ ಮುಂದೆ ತೀರ್ಪು ಕೊಟ್ಟು ಬಂದಿದ್ದೆ. ನೆನೆಸಿಕೊಂಡು ನನಗೆ ಮತ್ತೆ ನಗು ಹತ್ತಿತು. ಅವರಿಗೂ ಹತ್ತಿತು. ಕಣ್ಣೊರೆಸಿಕೊಳ್ಳುತ್ತ, "ಎಮ್ಮಿ?" ಎಂದೆ.

"ಎಮ್ಮಿ ನಾನ ಬಿಟ್ಟಿದ್ದೆ. ನೀ ನಗತಿದ್ದಿ ಅಂತ."

ಟೀವಿ ಅದನ್ನೇ ತೆಗೆದುಕೊಂಡೆವು. ತೆಗೆದುಕೊಳ್ಳುವ ಮೊದಲು ಆಪಾ ಅದರ ಅಕ್ಷರಗಳನ್ನು ಆದಷ್ಟು ದೊಡ್ಡದು ಮಾಡಿ, ಕರಿಯ ಮೇಲೆ ಹಳದಿ ಬರುವ ಹಾಗೆ ಇಟ್ಟು, "ಈಗ ಓದ್ರಿ ಸಾಹೇಬ್ರ" ಎಂದಳು. ಅವರು ಎದ್ದು ನಿಂತು ಕಾಟಾದ ಮೇಲಿನ ತಮ್ಮ ಹಳೆಯ ದನಿಯಲ್ಲಿ "ಧ್ವನಿ" ಎಂದು ಕೂಗಿದರು. ಟೀವಿ "ಧ್ವನಿ" ಎಂದಿತು. ಕೂಡಿತು. ಒಬ್ಬರಿಗೆಂದು ಹುಡುಕಿದ ಟೀವಿ ಇಬ್ಬರಿಗೂ ಆಯಿತು.

ಮರುವಾರ ಅವರನ್ನು ಎಳೆದುಕೊಂಡು ಧಾರವಾಡದ ಕಣ್ಣಿನ ದವಾಖಾನೆಗೆ ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿ, ಬರೀ ಪೊರೆ, ತೆಗೆದರೆ ಮೊದಲಿನ ಹಾಗೆ ಕಾಣುತ್ತದೆ ಎಂದರು. ಇಷ್ಟಕ್ಕೆ ಈ ಮನುಷ್ಯ ಎರಡು ಹಂಗಾಮ ಹೆದರಿ ಸಾಯುತ್ತಿದ್ದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು. ಇದೇ ಕುರ್ಚಿಯಂಥ ಕುರ್ಚಿಯಲ್ಲಿ ಕುಳಿತು ನಾನು ಕೇಳಿದ ಉತ್ತರ ಬೇರೆಯಾಗಿತ್ತು. ಕಾರಿಡಾರಿನಲ್ಲಿ ಅವರಿಂದ ಒಂದು ಕುರ್ಚಿ ಬಿಟ್ಟು ಕುಳಿತೆ. ಅವರು ಕಾರಣ ಕೇಳದೆ ಪಕ್ಕಕ್ಕೆ ಸರಿದು ನನ್ನ ಕೈ ಹಿಡಿದು ಕುಳಿತರು. ಆಮೇಲೆ ಹೊರಗೆ ಬಂದು ಇಬ್ಬರೂ ಮಿರ್ಚಿ ಭಜಿ ತಿಂದೆವು.

ಟೀವಿ ಮನೆಗೆ ಬಂದ ದಿನ ಅದಕ್ಕೆ ಪೂಜೆಯಾಗಬೇಕೆಂದು ಅವರು ಹಟ ಮಾಡಿದರು. ಟೀವಿಗೆ ವಿಭೂತಿ, ರಿಮೋಟಿಗೆ ಕುಂಕುಮ. ಆ ರಿಮೋಟಿಗೆ ಬಾಯಿಯಿಂದ ಹೇಳಿದರೂ ಹಾಡು ಹಚ್ಚುತ್ತದೆ ಎಂದು ಆಪಾ ಹೇಳಿದ್ದಳು. ನಾನು ಎಷ್ಟು ಕೂಗಿದರೂ ಅದಕ್ಕೆ ಕೇಳಿಸಲಿಲ್ಲ. ಆಪಾಳಿಗೆ ಫೋನ್ ಮಾಡಿದೆ, ಆಕೆ ರಾಮದುರ್ಗದ ಗೆಳತಿಯನ್ನೂ ಕರೆದು ಸೇರಿಸಿಕೊಂಡಳು, ಮೂವರೂ ಸೇರಿ ಪಂಚಾಯಿತಿ ನಡೆಸಿದೆವು. ಕೊನೆಗೆ ನನ್ನ ಬೆರಳಿಗೆ ಅಂಟು ಹತ್ತಿತು. ನಮ್ಮನೆಯವರು ಮಂಜುಗಣ್ಣಿನಲ್ಲಿ ಭಕ್ತಿಯಿಂದ ಹಸಿ ಕುಂಕುಮವನ್ನು ನೆಟ್ಟಗೆ ಅದರ ಕಿವಿಯ ತೂತಿಗೇ ಮೆತ್ತಿದ್ದರು. ಕಡ್ಡಿಯಿಂದ ಬಿಡಿಸಿದ ಮೇಲೆ ಬಡಪಾಯಿಗೆ ಕೇಳಿಸಿತು.

ಓಣಿಯ ಹೆಂಗಸರಿಗೂ ನಾನೇ ಹೋಗಿ ಎಲ್ಲ ಹೇಳಿದೆ. ಸೂಟ್‌ಕೇಸಿನ ಕಥೆ ಕೇಳಿ ಅವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕು, ನಗು ಮುಗಿದ ಮೇಲೆ, "ಗೊತ್ತಿದ್ದೂ ಯಾಕ ಹೌದು ಅಂದ್ರಿ?" ಎಂದು ನೇರವಾಗಿ ಕೇಳಿದೆ. ಅಂದು ಮೊದಲು ಹೌದ್ರಿ ಎಂದವಳೇ, "ನಿಮಗ ಬ್ಯಾಸರ ಆಗಬಾರದಂತ್ರಿ" ಎಂದಳು. "ಇನ್ನ ಮ್ಯಾಲ ಬ್ಯಾಸರ ಮಾಡ್ರಿ" ಎಂದೆ. ಮರುದಿನದಿಂದಲೇ ಮಾಡತೊಡಗಿದ್ದಾರೆ. ಮೊನ್ನೆ ಆ ಮಾವ ಒಳ್ಳೆಯವನೋ ನಾಟಕದವನೋ ಎಂದು ಶುರುವಾದ ಜಗಳದಲ್ಲಿ ನನ್ನ ಚಹಾ ಆರಿಹೋಯಿತು.

ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಕೆಲವು ದಿನ ಅವರು ಟೀವಿ ನೋಡುವ ಹಾಗಿರಲಿಲ್ಲ. ಕರಿ ಚಶ್ಮಾ ಹಾಕಿಕೊಂಡು, ಕಣ್ಣಿಗೆ ಔಷಧದ ಹನಿ ಬಿಡಿಸಿಕೊಂಡು ಗೋಡೆಗೆ ಒರಗಿ ಕೂಡುವರು. ರಿಮೋಟು ನನ್ನ ರಾಜದಂಡ. ಗುಂಡಿ ಒತ್ತುವುದು, ಟೀವಿ ಹೇಳಿದ್ದನ್ನು ಕೇಳುವುದು, ಬೇಡವಾದರೆ ಮುಂದೆ ಹೋಗುವುದು. ಹಾಡು ಕೇಳಿದೆ, ಸುದ್ದಿ ಕೇಳಿದೆ, ಅಡುಗೆ ಕಲಿಸುವವರ ಜೊತೆ ಜಗಳವಾಡಿದೆ. ಎಷ್ಟೋ ವರ್ಷಗಳ ಮೇಲೆ, ನನಗೆ ಬೇಕಾದದ್ದನ್ನು ಯಾರನ್ನೂ ಕರೆಯದೆ ನಾನೇ ಹಚ್ಚಿಕೊಂಡಿದ್ದೆ. ಅವರು, "ಈಗ ಏನ ನಡದೈತಿ?" ಎಂದು ಕೇಳಿದರೆ, "ಎಮ್ಮಿ ಬಂದೈತ್ರಿ" ಎನ್ನುತ್ತಿದ್ದೆ.

ಚಶ್ಮಾ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನದ ಸಂಜೆ, ನಾನು ರೊಟ್ಟಿ ಬಡಿದು ಮುಗಿಸಿ ಬಂದು ಅವರ ಎದುರಿಗೆ ಚಾಪೆಯ ಮೇಲೆ ಕುಳಿತೆ. ಧಾರಾವಾಹಿ ಹಚ್ಚಿದೆ. "ನೋಡಿ ಹೇಳ್ರಿ. ಇದ್ದದ್ದು ಇದ್ದಂಗ" ಎಂದೆ.

"ಅಕಿ ನಿಂತಾಳ."

"ಆಮ್ಯಾಲ?"

"ಅಂವನೂ ನಿಂತಾನ. ಅಕಿ ಮಾರಿ ದೊಡ್ಡದ ಮಾಡಿ ತೋರಿಸಿದ್ರು. ಅಂವನ ಮಾರಿ ದೊಡ್ಡದ ಮಾಡಿ ತೋರಿಸಿದ್ರು. ಈಗ ಮತ್ತ ಅಕಿ ಮಾರಿ."

"ಏನೂ ಮಾಡವಲ್ರೇನು?"

"ಏನೂ ಇಲ್ಲ. ಸುಮ್ನ ನಿಂತಾರ. ಇಷ್ಟ ಇತ್ತೇನು ಇದರಾಗ?"

ಅವರ ದನಿಯಲ್ಲಿ ಎಂಥ ನಿರಾಶೆಯೆಂದರೆ, ನನಗೆ ನಗು ತಡೆಯಲಾಗಲಿಲ್ಲ. "ಹೋಗಲಿ, ಒಂದ ಎಮ್ಮಿನರ ಬಿಡ್ರಿ" ಎಂದೆ.

"ಒಲ್ಲೆ. ನಿನಗ ಖರೆ ಬೇಕಾಗಿತ್ತಲ್ಲಾ" ಎಂದರು.

ಅವರು ಇನ್ನೂ ಟೀವಿ ನೋಡುತ್ತಿದ್ದಾರೆ ಎಂದುಕೊಂಡೆ. ಮತ್ತೇನು ನಡೆದಿದೆ ಎಂದು ಕೇಳಿದರೆ "ತಡಿ" ಎಂದರು. ದನಿ ಹತ್ತಿರಕ್ಕೆ ಬಂದಿತ್ತು.

"ನಿನ್ನ ಗಲ್ಲಕ್ಕ ಹಿಟ್ಟ ಹತ್ತೈತಿ."

"ಯಾವ ಗಲ್ಲಕ್ಕ?"

"ಈ ಕಡಿ. ಹಣಿಗೂ ಹತ್ತೈತಿ. ಕಿವಿ ಮ್ಯಾಲೂ."

"ದಿನಾ ಹತ್ತಿರತೈತೇನ್ರಿ?"

"ನನಗೇನ ಗೊತ್ತು. ಇವತ್ತ ಕಂಡೈತಿ."

ಹಿಟ್ಟು ಹತ್ತಿದ ಮುಖದಲ್ಲಿ ನಾನು ಬಜಾರಕ್ಕೆ ಹೋಗಿದ್ದೆನೋ, ಮದುವೆಗೆ ಹೋಗಿದ್ದೆನೋ, ಅರಿಶಿನ ಕುಂಕುಮಕ್ಕೆ ಕುಳಿತು ತೀರ್ಪು ಕೊಟ್ಟಿದ್ದೆನೋ. ಯಾರೂ ಹೇಳಿರಲಿಲ್ಲ. ಇವರು ಟವೆಲಿನ ಅಂಚಿನಿಂದ ಗಲ್ಲ ಒರೆಸಿದರು, ಹಣೆ ಒರೆಸಿದರು. ನನಗೆ ಸಂತೋಷವೇ ಆಯಿತು.

"ಇನ್ನೂ ಎಲ್ಲೆರ ಹತ್ತೈತೇನು, ಚಂದಂಗ ನೋಡ್ರಿ" ಎಂದೆ.

ಅವರು ನೋಡುತ್ತ ಕುಳಿತರು. ಟೀವಿಯಲ್ಲಿ ಯಾರೋ ಯಾರಿಗೋ ಏನೋ ಹೇಳುತ್ತಿದ್ದರು. ನಾನು ರಿಮೋಟು ತಡವಿ ಅದರ ಬಾಯಿ ಮುಚ್ಚಿದೆ.